ಅನುಕೂಲಕ್ಕಾಗಿ

ಶುಕ್ರವಾರ ಸಂಜೆ ನಾಲ್ಕು ಹತ್ತಕ್ಕೆ ಬಂತು ಪತ್ರ.
ಫ್ಲೋರಿಡಾದ ಟೈಟಸ್‌ವಿಲ್‌ನಲ್ಲಿ ಅದು
ಬೆರಳ ತುದಿಯ ಟೇಪು ಬಿಚ್ಚಿ ಕೈ ತೊಳೆಯುವ ಹೊತ್ತು.
ಎರಡೇ ಸಾಲು. ಕೆಲಸ ನಿಲ್ಲಿಸಿ.
ಕಾರಣ: ಸರ್ಕಾರದ ಅನುಕೂಲಕ್ಕಾಗಿ.

ನಾನು ಲೆಕ್ಕ ಬರೆಯುವವನು.
ಒಪ್ಪಂದದ ನಲವತ್ತೊಂಬತ್ತನೇ ಪುಟದಲ್ಲಿ
ಆ ಪದವನ್ನು ಮೂರು ವರ್ಷದ ಹಿಂದೆಯೇ ಕಂಡಿದ್ದೆ,
ಮದುವೆಮನೆಯ ಮೂಲೆಯಲ್ಲಿ ಕೂತ, ಯಾರೂ ಮಾತಾಡಿಸದ
ನೆಂಟನನ್ನು ಕಂಡ ಹಾಗೆ.
ಊಟದ ಹೊತ್ತಿಗೆ ಎದ್ದು ಬಂದ.

ಚಂದ್ರನ ಮೇಲೆ ಇಳಿಯುವ ಗಾಡಿಗೆ ಕೌದಿ ಹೊಲಿಯುತ್ತಿದ್ದೆವು.
ಇಪ್ಪತ್ತೆರಡು ಪದರ, ಒಂದೊಂದೂ ಈರುಳ್ಳಿ ಸಿಪ್ಪೆಗಿಂತ ತೆಳು,
ನಡುನಡುವೆ ಬಲೆಬಟ್ಟೆ, ಮೇಲೆ ಹೊನ್ನಿನ ಬಣ್ಣ.
ವರ್ಲೀನ್ ಟ್ರಸೆಲ್ ಉಸಿರು ಬಿಗಿಹಿಡಿದು ಹೊಲಿಯುತ್ತಿದ್ದಳು,
ಇಂಚಿಗೆ ಇಷ್ಟೇ ತೂತು, ಒಂದು ಹೆಚ್ಚಾದರೂ
ಶಾಖ ಅಲ್ಲಿಂದಲೇ ಸೋರುತ್ತದೆ ಅಂತ.
ಅವಳಿಗೆ ಅರವತ್ತೊಂದು. ಷಟಲ್ ನಿಂತ ವರ್ಷವೂ
ಇದೇ ಊರಲ್ಲಿ, ತನ್ನ ಕುರ್ಚಿ ತಾನೇ ಮನೆಗೆ ಹೊತ್ತವಳು.

ಸೋಮವಾರ ತಿಳಿಯಿತು. ಚಂದ್ರ ಬೇಡವಂತೆ, ಮಂಗಳ ಬೇಕಂತೆ.
ಯಾರೋ ವೇದಿಕೆಯ ಮೇಲೆ ಹೇಳಿದರಂತೆ,
ಯಾರೋ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಸರಿ, ಅಳೆದೇ ಹೊಲಿದೆವು.
ಕಾಲನ್ನೇ ಬೇರೆ ಗ್ರಹಕ್ಕೆ ಎತ್ತಿಕೊಂಡು ಹೋದರೆ?

ದೊಡ್ಡ ಕಂಪನಿಯವರು ಬಂದರು. ಒಳ್ಳೆಯವರೇ, ಪಾಪ.
ಮಂಗಳಕ್ಕೂ ಚಳಿಯಿದೆ, ಕೌದಿ ಬೇಕಾಗುತ್ತದೆ, ಕಾಯಿರಿ ಎಂದರು.
ಎಷ್ಟು ದಿನ?
ಬಜೆಟ್ ಬರಲಿ.
ಕಾಯುವುದಕ್ಕೆ ಅವರಿಗೆ ವಕೀಲರಿದ್ದರು, ಆರು ರಾಜ್ಯಗಳಲ್ಲಿ ಕಾರ್ಖಾನೆಯಿತ್ತು.
ನಮ್ಮದು ಒಂದು ಶೆಡ್ಡು, ಹದಿನೇಳು ಜನ,
ಹನ್ನೆರಡನೇ ತಾರೀಖಿಗೆ ಬ್ಯಾಂಕಿನ ಕಂತು.

ಪರಿಹಾರಕ್ಕೆ ನಮೂನೆ ತುಂಬಬೇಕಿತ್ತು.
ಕೆಲಸ ಶೇಕಡಾ ಎಷ್ಟು ಮುಗಿದಿದೆ?
ಒಂಬತ್ತು ಕೌದಿ ಪೂರ್ತಿ. ಬರೆದೆ.
ಹತ್ತನೆಯದರಲ್ಲಿ ಸೂಜಿ ಇನ್ನೂ ನೆಟ್ಟೇ ಇತ್ತು.
ವರ್ಲೀನಳನ್ನು ಕೇಳಿದೆ.
ಗಂಟು ಹಾಕದ ಹೊಲಿಗೆ ಹೊಲಿಗೆಯಲ್ಲ, ಸೊನ್ನೆ ಅಂತ ಬರಿ, ಅಂದಳು.
ಅರವತ್ತು ಎಂದು ಬರೆದೆ.
ಅವಳ ಎರಡು ವಾರದ ಕೂಲಿ ಅದರೊಳಗಿತ್ತು.

ದಾರದ ಉಂಡೆಗೂ ಚೀಟಿ: ಸರ್ಕಾರದ ಸ್ವತ್ತು.
ಕತ್ತರಿಗೂ. ಮೇಜಿನ ದೀಪಕ್ಕೂ.
ಅನ್ಸೆಲ್ಮೊ ಒಂದನ್ನು ತನ್ನ ಹಣೆಗೇ ಅಂಟಿಸಿಕೊಂಡ.
ನಕ್ಕೆವು. ಕೀಳುವಾಗ ಹುಬ್ಬಿನ ನಾಲ್ಕು ಕೂದಲೂ ಬಂತು.
ಮರುದಿನದಿಂದ ಅವನು ಹಡಗುಕಟ್ಟೆಯಲ್ಲಿ, ಪ್ರವಾಸಿಗರ ಪೆಟ್ಟಿಗೆ ಹೊರಲು.

ಜನವರಿಯಲ್ಲಿ ಒಂದು ರಾತ್ರಿ ಹಿಮ ಬೀಳುತ್ತದೆಂದರು.
ವರ್ಲೀನಳ ಹಿತ್ತಲ ಮುಂದೆ ಗಾಡಿ ನಿಧಾನಿಸಿದೆ.
ಕಸಕ್ಕೆ ಹೋಗಬೇಕಿದ್ದ ಹೊನ್ನಿನ ಚೂರುಗಳನ್ನು ಜೋಡಿಸಿ
ತನ್ನ ಕುಂಬಳಷ್ಟು ಎತ್ತರದ ನಿಂಬೆ ಗಿಡಕ್ಕೆ ಸುತ್ತುತ್ತಿದ್ದಳು.
ಲಗೂನಿನ ಮೇಲೆ ಚಂದ್ರ ಬಂದಿದ್ದ.
ಅವಳು ನೋಡಲಿಲ್ಲ. ಗಿಡದ ಬುಡಕ್ಕೆ ಕಲ್ಲಿಡುತ್ತಿದ್ದಳು.
ಮಗುವಿಗಾದರೆ ಚಂದ್ರನನ್ನು ತೋರಿಸಿ ತುತ್ತಿಡುತ್ತಾರೆ.

ಮಾರ್ಚಿನಲ್ಲಿ ದೊಡ್ಡ ಕಂಪನಿಯ ಫೋನು.
ಚಂದ್ರನೇ ಬೇಕಂತೆ ಮತ್ತೆ. ಬೇಗ ಬೇಕಂತೆ.
ಬೇರೆ ದೇಶದವರು ಮೊದಲು ಇಳಿದುಬಿಟ್ಟರೆ ಎಂಬ ಗಾಬರಿಯಂತೆ.
ಗಾಡಿ ಈಗ ನಾಲ್ಕು ಅಡಿ ಎತ್ತರ, ಹಳೆಯ ಒಂಬತ್ತೂ ಸಾಲವು.
ಹದಿನೇಳರಲ್ಲಿ ಆರು ಜನರ ನಂಬರು ಇನ್ನೂ ಹತ್ತುತ್ತಿತ್ತು.

ವರ್ಲೀನ್ ಎತ್ತಿದಳು. ಹಿಂದೆ ಮಷಿನ್ನಿನ ಸದ್ದು,
ದೋಣಿಯ ಸೀಟಿಗೆ ರೆಕ್ಸಿನ್ ಹೊಲಿಯುತ್ತಿದ್ದಾಳೆ.
ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ಮಷಿನ್ ನಿಲ್ಲಿಸದೆ.
ಈ ಸೀಟು ಶುಕ್ರವಾರಕ್ಕೆ ಕೊಡಬೇಕು, ಅಂದಳು.
ನಾನು ಸುಮ್ಮನಿದ್ದೆ.
ಸದ್ದು ನಿಂತಿತು.
ದಾರ, ಅವಳು ಕೇಳಿದಳು, ಅದೇನಾ?